ತಾಯಿಫಿನಾಚೆ ಗಂಡಸರು ನೋಡದ ಬಂಡೆ

ಹದಾ ಘಾಟಿ

ಮಕ್ಕಾದಿಂದ ತಾಯಿಫಿಗೆ ಹತ್ತುವ ಹದಾ ಘಾಟಿಯಲ್ಲಿ ಮಂಗಗಳಿವೆ. ಸೌದಿ ಅರೇಬಿಯಾದಲ್ಲಿ ಮಂಗ ಇದೆಯೆಂದು ಊರಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ. ನನಗೆ ಬೇರೆ ಯಾರಾದರೂ ಹೇಳಿದ್ದರೆ ನಾನೂ ಪುರಾವೆ ಕೇಳುತ್ತಿದ್ದೆ. ಪುರಾವೆ ನಮ್ಮ ಕಾರಿನ ಬಾನೆಟ್ ಮೇಲೆ ಬಂದು ಕೂತಿತ್ತು. ಚಾರ್ಮಾಡಿಯ ಮಂಗಗಳ ಹಾಗೆ ಸಣಕಲಲ್ಲ; ಭುಜದ ತುಂಬ ಬೂದುಗೂದಲು ಹೊದ್ದ, ನಿವೃತ್ತ ನ್ಯಾಯಾಧೀಶರ ಮುಖದ ಗಡವ. ಮಾಮ ಹಾರ್ನ್ ಹೊಡೆದರು. ಅದು ಅರ್ಜಿ ವಜಾ ಮಾಡುವವರಂತೆ ಒಮ್ಮೆ ನೋಡಿ ಮುಖ ತಿರುಗಿಸಿತು.

"ನಿನ್ನ ಹಾಗೆಯೇ ಉಂಟು," ಎಂದರು ಮಾಮ. "ಎಷ್ಟು ಹೇಳಿದ್ರೂ ಒಪ್ಪುದಿಲ್ಲ."

ಮಾಮ ಎಂದರೆ ನನ್ನ ಉಮ್ಮನ, ಅಂದರೆ ಅಮ್ಮನ, ತಮ್ಮ. ತಾಯಿಫಿನ ಪೇಟೆಯಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಮಂಗಳೂರಿನಲ್ಲಿ ಕಾನೂನು ಓದಿದವಳು. ಓದಿದ್ದಕ್ಕಿಂತ ಹೆಚ್ಚು ಚರ್ಚಾಸ್ಪರ್ಧೆಗಳಿಗೆ ಓಡಾಡಿದವಳು. ವಿಷಯದ ಪರ ನಿಲ್ಲಿಸಿದರೆ ಪರ, ವಿರೋಧ ನಿಲ್ಲಿಸಿದರೆ ವಿರೋಧ, ಗೆಲ್ಲುವುದಷ್ಟೇ ಮುಖ್ಯ. ಮನೆಯಲ್ಲಿ ಇದಕ್ಕೆ ಯಾವ ಗೌರವವೂ ಇಲ್ಲ. ಮಾಮ ನನ್ನನ್ನು ಕರೆಯುವುದು ಲಾಯರಮ್ಮ ಎಂದು, ಅದೂ ಉಪ್ಪು ಖಾಲಿಯಾಗಿದೆ ಎನ್ನುವ ಧಾಟಿಯಲ್ಲಿ.

ಬಂದದ್ದು ಉಮ್ಮನ ಉಮ್ರಾ ಯಾತ್ರೆಗೆ, ಅವರ ಜೊತೆಗೆ. ಮಕ್ಕಾದ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದು ಉಮ್ಮನ ಪ್ರಯಾಣ, ಅವರೇ ಹೇಳಬೇಕಾದದ್ದು. ಹೇಳಿಯೂ ಹೇಳುತ್ತಾರೆ, ನಮ್ಮ ಕೇರಿಯಲ್ಲಿ ಇನ್ನೂ ಕೇಳಿಸಿಕೊಳ್ಳದವರು ಕಡಿಮೆ. ನನ್ನ ಕತೆ ಶುರುವಾಗುವುದು ಘಾಟಿ ಹತ್ತಿ ಕಿಟಕಿ ಇಳಿಸಿದಾಗ ತಣ್ಣನೆಯ ಗಾಳಿ ಒಳಬಂದಲ್ಲಿಂದ. ಘಾಟಿಯ ಕೆಳಗೆ ಬೆವರಿ ಸೀಟಿಗೆ ಅಂಟಿಕೊಂಡಿದ್ದ ಉಮ್ಮ, "ಯಾ ಅಲ್ಲಾ, ಮಡಿಕೇರಿ," ಎಂದು ಶಾಲು ಹುಡುಕತೊಡಗಿದರು.

ಪರದೆ ಅಂಗಡಿ

ತಾಯಿಫಿನಲ್ಲಿ ಉಮ್ಮನಿಗೆ ಎರಡು ಕೆಲಸಗಳಿದ್ದವು. ತಮ್ಮನ ಹೆಂಡತಿಯ ಅಡುಗೆಮನೆ ಪರಿಶೀಲನೆ ಒಂದು. ಇನ್ನೊಂದು, ಐರಿನ್ ಆಂಟಿಯನ್ನು ನೋಡುವುದು.

ಐರಿನ್ ಆಂಟಿ ಉಮ್ಮನ ಜೊತೆ ಕಾನ್ವೆಂಟ್ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಕಿನ್ನಿಗೋಳಿ ಕಡೆಯ ಬೇಕರಿಯವರ ಮಗಳು. ಉಮ್ಮ ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದರು, ಐರಿನ್ ಆಂಟಿ ಮುಂದುವರಿಸಿ, ಮದುವೆಯಾಗಿ, ಗಂಡನ ಕೆಲಸಕ್ಕೆಂದು ಆಸ್ಟ್ರೇಲಿಯಾಕ್ಕೆ ಹೋದರು. ಅಲ್ಲಿ ಮ್ಯೂಸಿಯಂ ಒಂದರಲ್ಲಿ ಟೈಪಿಸ್ಟಾಗಿ ಸೇರಿ, ಅಲ್ಲಿಂದಲೇ ಮತ್ತೆ ಓದಿ, ಪುರಾತತ್ವಜ್ಞೆಯಾದರು. ಅಲ್ಲಿನ ಮೂಲನಿವಾಸಿಗಳ ಜೊತೆ ಅವರ ಹಳೆಯ ಜಾಗಗಳನ್ನು, ಬಂಡೆಚಿತ್ರಗಳನ್ನು ನಡೆದು ಹುಡುಕಿ ಗುರುತಿಸುವುದರಲ್ಲೇ ತಲೆ ಹಣ್ಣಾಯಿತು. ಈಗ ಕೆಲವು ಚಳಿಗಾಲಗಳಿಂದ ಸೌದಿಯವರು ಇಲ್ಲಿನ ಬಂಡೆಚಿತ್ರಗಳ ಸಮೀಕ್ಷೆಗೆ ಕರೆಸಿಕೊಳ್ಳುತ್ತಿದ್ದಾರೆ. ಅವರು ಕ್ರೈಸ್ತರಾದ್ದರಿಂದ ಮಕ್ಕಾದೊಳಗೆ ಬರುವಂತಿಲ್ಲ. ಅದಕ್ಕೇ ಉಮ್ಮ ಘಾಟಿ ಹತ್ತಿದ್ದು.

ಮಾಮನ ಅಂಗಡಿಗೇ ಬಂದರು. ಬಿಸಿಲಿಗೆ ಕಂದಿದ ಮುಖ, ಕತ್ತರಿಸಿದ ಬಿಳಿ ಕೂದಲು, ಕಪ್ಪು ನಿಲುವಂಗಿ ಅಬಾಯದ ಕೆಳಗೆ ಧೂಳು ಹಿಡಿದ ಬೂಟು. ಬೆಂಚಿನ ಗೆಳತಿಯರು ಅಪ್ಪಿಕೊಂಡರು. ಅಪ್ಪುಗೆ ಬಿಡುವ ಮೊದಲೇ ಜಗಳ ಶುರು.

"ಗಣಿತದಲ್ಲಿ ನನ್ನದು ನೋಡಿ ಬರೆದೇ ಅಲ್ವಾ ನೀನು ಪಾಸಾದ್ದು," ಎಂದರು ಉಮ್ಮ.

"ನಿನ್ನದು ನೋಡಿ ಬರೆದ್ದಕ್ಕೇ ಮಾರ್ಕ್ ಕಡಿಮೆ ಬಂದದ್ದು ಮಾರಾಯ್ತಿ."

ಊರಿಂದ ತಂದಿದ್ದ ಒಣ ಸಿಗಡಿ ಚಟ್ನಿಯ ಡಬ್ಬಿಯನ್ನು ಉಮ್ಮ ಕೊಟ್ಟಾಗ ಐರಿನ್ ಆಂಟಿ ಅಲ್ಲೇ ಮುಚ್ಚಳ ತೆಗೆದು, ಮೂಗು ಇಟ್ಟು, ಉದ್ದಕ್ಕೆ ಉಸಿರೆಳೆದರು. ಪರದೆ ಕೊಳ್ಳಲು ಬಂದಿದ್ದ ಗಿರಾಕಿಯೊಬ್ಬ ಮಾತ್ರ ಮೂಗು ಮುಚ್ಚಿಕೊಂಡು ಹೊರಗೆ ನಡೆದ.

ಪರದೆ ವ್ಯಾಪಾರದ ಒಂದು ಕ್ರಮ ನನಗೆ ಅಲ್ಲಿಯೇ ತಿಳಿದದ್ದು. ಎಷ್ಟೋ ಮನೆಯವರು ಅಳತೆಗೆ ಗಂಡಸನ್ನು ಒಳಗೆ ಕರೆಯುವುದಿಲ್ಲ. ಮನೆಯ ಹೆಂಗಸರೇ ಕಿಟಕಿ ಅಳೆದು, ಅಳತೆಯನ್ನು ಗಂಡನ ಕೈಯಲ್ಲೋ ಮಗನ ಕೈಯಲ್ಲೋ ಕಳಿಸುತ್ತಾರೆ. ಮಾಮ ಅದರಂತೆ ಹೊಲಿಸಿ ಬಾಗಿಲಲ್ಲಿ ಕೊಟ್ಟು ಬರುತ್ತಾರೆ.

"ಈ ಪೇಟೆಯ ಅರ್ಧ ಕಿಟಕಿಗೆ ನನ್ನ ಪರದೆ," ಎಂದರು ಮಾಮ ಹೆಮ್ಮೆಯಿಂದ. "ಒಂದು ಕೋಣೆಯೂ ನಾನು ಕಂಡದ್ದಿಲ್ಲ."

"ಹಾಗಾದರೆ ಪರದೆ ಚೆನ್ನಾಗಿ ಕೂತಿತೋ ಇಲ್ಲವೋ ನಿಮಗೆ ಹೇಗೆ ಗೊತ್ತು?" ಎಂದೆ.

"ಕೂರದಿದ್ರೆ ಬಂದು ಬೈತಾರೆ. ಬೈಲಿಕ್ಕೆ ಬರ್ಲಿಲ್ಲ ಅಂದ್ರೆ ಕೂತಿದೆ."

ಐರಿನ್ ಆಂಟಿ ಇದನ್ನು ಕೇಳಿ ನಕ್ಕರು. ಆಮೇಲೆ ಊಟಕ್ಕೆ ಕೂತಾಗ ಅವರ ಕೆಲಸದ ಕತೆ ಬಂತು. ತಾಯಿಫಿನ ಪೂರ್ವಕ್ಕೆ ಬಯಲಿನಾಚೆ ಒಂದು ಕಣಿವೆಯಿದೆ. ಅದರ ಬಂಡೆಗಳ ಮೇಲೆ ಒಂಟೆ, ಕಾಡುಮೇಕೆ, ಬೇಟೆಗಾರರ ಗೀರುಚಿತ್ರಗಳು. ಈ ವಾರ ಕಣಿವೆಯ ರಕ್ಷಣೆಯ ಗಡಿ ಗೆರೆ ಎಳೆದು ಪುರಾತತ್ವ ಇಲಾಖೆಗೆ ಕೊಡಬೇಕು. ಗೆರೆಯ ಹೊರಗೆ ಕಲ್ಲು ಗಣಿಗೆ ಹೋಗುವ ರಸ್ತೆ ಬರುತ್ತದೆ. ತೊಂದರೆ ಇರುವುದು ಕಣಿವೆಯ ತುದಿಯ ಒಂದು ಕೊರಕಲಿನಲ್ಲಿ. ಅಲ್ಲೊಂದು ಬಂಡೆ ಇದೆ. ಅಲ್ಲಿ ಕುರಿ ಮೇಯಿಸುವ ಮನೆತನದ ಹಿರಿಯಾಕೆ, ಅದು ನಮ್ಮ ಹೆಂಗಸರದ್ದು, ಹೋಗಬೇಡ ಎಂದಿದ್ದಾರೆ. ಬಂಡೆ ದಾಖಲಾಗದಿದ್ದರೆ ಕೊರಕಲು ಗೆರೆಯ ಹೊರಗೆ. ಹೊರಗೆ ಎಂದರೆ ರಸ್ತೆಯ ಕೆಳಗೆ.

"ನೀವು ಹೋಗಿ ನೋಡಲೇ ಇಲ್ಲವಾ?" ಎಂದು ಕೇಳಿದೆ.

"ಇಲ್ಲ."

"ಇಷ್ಟು ವರ್ಷ ಅದರ ಬಾಯಿಯ ಮುಂದೆ ನಡೆದಾಡಿಯೂ?"

"ಬೇಡ ಅಂದ್ರಲ್ಲ."

"ಸರ್ಕಾರದ ಅನುಮತಿ ಇದೆ. ಒಂದು ಡ್ರೋನ್ ಹಾರಿಸಿದರೆ ಮುಗಿಯಿತು. ನಾಳೆ ಅದು ಒಡೆದು ಹೋದರೆ ಆ ಅಜ್ಜಿಯ ಬೇಡ ಉಳಿಯುತ್ತದಾ, ಬಂಡೆ ಉಳಿಯುತ್ತದಾ?"

ಉಮ್ಮ ನನ್ನ ಕಾಲು ತುಳಿದರು. ಐರಿನ್ ಆಂಟಿ ಚಟ್ನಿ ನೆಕ್ಕುತ್ತಾ, "ಒಳ್ಳೆ ಪ್ರಶ್ನೆ," ಎಂದರು. "ಬಾ ನಾಳೆ. ವಾದ ಅಲ್ಲಿ ಮಾಡು, ಜಾಗ ದೊಡ್ಡದುಂಟು."

ಮರುದಿನ ಶುಕ್ರವಾರ, ಅಂಗಡಿಗೆ ರಜೆ. ಮಂಡಿನೋವಿನ ಉಮ್ಮ ಮನೆಯಲ್ಲಿ ಉಳಿದರು. ಮಾಮ ಕಾರು ತೆಗೆದರು.

ಕಲ್ಲಿನ ಬಯಲು

ಮರುಭೂಮಿ ಎಂದರೆ ಮರಳು ಎಂದುಕೊಂಡು ಹೋದರೆ ಮೋಸ. ತಾಯಿಫಿನ ತೋಟಗಳು ಮುಗಿದ ಮೇಲೆ ಸಿಗುವುದು ಕಲ್ಲು. ಅಂಗೈಯಗಲದ, ಕಾಫಿ ಬೀಜದ ಬಣ್ಣದ ಕಲ್ಲುಗಳು, ಯಾರೋ ಕೂತು ಜೋಡಿಸಿದಂತೆ ಕಣ್ಣು ಮುಟ್ಟುವವರೆಗೆ. ನಮ್ಮೂರಲ್ಲಿ ಇಷ್ಟು ಖಾಲಿ ಜಾಗ ನೋಡಬೇಕೆಂದರೆ ಸಮುದ್ರದ ಕಡೆ ತಿರುಗಿ ನಿಲ್ಲಬೇಕು.

ಕಣಿವೆಯ ಬಾಯಲ್ಲಿ ಐರಿನ್ ಆಂಟಿಯ ಜೊತೆಗಾರ್ತಿ ರೀಮ್ ಕಾಯುತ್ತಿದ್ದಳು. ಇಲಾಖೆಯ ಪುರಾತತ್ವಜ್ಞೆ, ನನಗಿಂತ ಸ್ವಲ್ಪ ದೊಡ್ಡವಳು, ರಿಯಾದಿನ ಹುಡುಗಿ. ಅವಳು ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನಿಲ್ಲಿ ಕನ್ನಡ ಮಾಡುತ್ತಿದ್ದೇನೆ.

ಕಾರಿಂದ ಇಳಿದವರೇ ಐರಿನ್ ಆಂಟಿ ಕಣಿವೆಗೆ ಮುಖ ಮಾಡಿ ನಿಂತು ಗಟ್ಟಿಯಾಗಿ ಕೊಂಕಣಿಯಲ್ಲಿ ಮಾತಾಡತೊಡಗಿದರು. ತನ್ನ ಹೆಸರು, ತಂದೆ ತಾಯಿಯ ಹೆಸರು, ಊರು, ಬಂದ ಕೆಲಸ. ಆಮೇಲೆ ನನ್ನ ಹೆಸರು, ಉಮ್ಮನ ಹೆಸರು, ಮಾಮನ ಹೆಸರು.

"ಯಾರತ್ರ ಮಾತಾಡ್ತಾರೆ?" ಎಂದು ಮಾಮ ಪಿಸುಗುಟ್ಟಿದರು.

"ಕಲ್ಲಿಗೆ ಬಯೋಡೇಟಾ ಕೊಡ್ತಿದ್ದಾರೆ," ಎಂದೆ.

ರೀಮ್‌ಗೆ ಇದು ರೂಢಿಯಾಗಿಬಿಟ್ಟಿತ್ತು. ಸುಮ್ಮನೆ ನಿಂತು ಕಾದಳು, ಆಮೇಲೆ ತಾನೂ ಸಲಾಂ ಹೇಳಿ ಹೆಜ್ಜೆ ಇಟ್ಟಳು.

ಇದು ಆಸ್ಟ್ರೇಲಿಯಾದ ಪಾಠ. ಮೊದಲ ಸಮೀಕ್ಷೆಗೆ ಹೋದಾಗ ಐರಿನ್ ಆಂಟಿಯ ಕೈಯಲ್ಲಿ ಕ್ಯಾಮೆರಾ, ಅಳತೆ ಟೇಪು, ದಿಕ್ಸೂಚಿ ಎಲ್ಲ ಇತ್ತಂತೆ. ಆ ನೆಲದ ಒಬ್ಬ ಅಜ್ಜಿ ಅವರನ್ನು ಮರದ ಕೆಳಗೆ ಕೂರಿಸಿ, ನೀನು ಯಾರೆಂದು ಈ ನೆಲಕ್ಕೆ ಹೇಳಿದ್ದೀಯಾ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಶುರು ಮಾಡಿದರೆ, ಅದು ನಿನ್ನ ಭಾಷೆಯಲ್ಲವಲ್ಲ, ನಿನ್ನ ಅಮ್ಮ ಮಾತಾಡಿದ್ದರಲ್ಲಿ ಹೇಳು ಎಂದರು. ಹಾಗೆ ಆಸ್ಟ್ರೇಲಿಯಾದ ಕೆಂಪು ಮಣ್ಣು ಮೊದಲ ಬಾರಿ ಕಿನ್ನಿಗೋಳಿಯ ಬೇಕರಿಯ ಸುದ್ದಿ ಕೇಳಿತು.

"ಆ ಅಜ್ಜಿಯ ಹೆಸರೇನು?"

"ಹೇಳುವ ಹಾಗಿಲ್ಲ. ತೀರಿಕೊಂಡಿದ್ದಾರೆ. ಅವರಲ್ಲಿ ತೀರಿಕೊಂಡವರ ಹೆಸರು ಎತ್ತುವುದಿಲ್ಲ."

"ಅವರು ಇಲ್ಲಿಲ್ಲವಲ್ಲ ಆಂಟಿ, ಕೇಳಿಸಿಕೊಳ್ಳಲಿಕ್ಕೆ."

"ನಾನಿದ್ದೇನಲ್ಲ," ಎಂದು ಮುಂದೆ ನಡೆದರು.

ಅವರ ಕೆಲಸ ನೋಡುವುದೇ ಒಂದು ಪಾಠ. ನೆಲ ನೋಡುತ್ತಾ ಆಮೆಯಂತೆ ನಡೆಯುತ್ತಾರೆ. ಒಂದು ಕಲ್ಲಿನ ಚೂರು ಎತ್ತುತ್ತಾರೆ, ಯಾವನೋ ಎಂದೋ ಕೊಡಲಿಗೆಂದು ಚಕ್ಕೆ ಎಬ್ಬಿಸಿದ ಗುರುತನ್ನು ತೋರಿಸುತ್ತಾರೆ, ಅಳೆಯುತ್ತಾರೆ, ಮತ್ತೆ ಎತ್ತಿದ ಕುಳಿಯಲ್ಲೇ, ಎತ್ತಿದ ದಿಕ್ಕಿನಲ್ಲೇ ಇಡುತ್ತಾರೆ. ಒಂದನ್ನೂ ಜೇಬಿಗೆ ಹಾಕುವುದಿಲ್ಲ.

ನನಗೂ ಒಂದು ಸಿಕ್ಕಿತು. ಎಲೆಯ ಆಕಾರದ ಚೂಪು ಕಲ್ಲು. ಎತ್ತಿಕೊಂಡು ಓಡಿದೆ. ಐರಿನ್ ಆಂಟಿ ನೋಡಿ, "ಚಂದ ಉಂಟು. ಎಲ್ಲಿತ್ತೋ ಅಲ್ಲಿಡು," ಎಂದರು.

ಎಲ್ಲಿತ್ತು? ಹಿಂದಿರುಗಿ ನೋಡಿದರೆ ಲಕ್ಷ ಕಲ್ಲುಗಳು, ಎಲ್ಲವೂ ಒಂದೇ ಮುಖದವು. ಸುಮ್ಮನೆ ಎಲ್ಲಾದರೂ ಹಾಕಿಬಿಡೋಣ ಎಂದುಕೊಂಡು ಹಾಕಿದೆ. ತಕ್ಷಣ ಸಿಕ್ಕಿಬಿದ್ದೆ. ಬಿಸಿಲು ಕಂಡ ಮೈ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ, ನೆಲಕ್ಕೆ ತಾಗಿದ ಮೈ ಇಟ್ಟಿಗೆಗೆಂಪು ಇರುತ್ತದೆ. ನನ್ನ ಕಲ್ಲು ಅಂಗಾತ ಬಿದ್ದಿತ್ತು. ಇಡೀ ಬಯಲಿನಲ್ಲಿ ಅದೊಂದೇ, ಕೂಗಿ ಹೇಳುವಂತೆ ಕೆಂಪಗೆ. ಕೊನೆಗೆ ನಾನು, ಮಾಮ, ರೀಮ್ ಮೂವರೂ ಬಗ್ಗಿಕೊಂಡು ಅದರ ಕುಳಿ ಹುಡುಕಿದೆವು. ಸೊಂಟ ಹಿಡಿದುಕೊಂಡು ಮಾಮ, "ಲಾಯರಮ್ಮ, ಇನ್ನು ಮೇಲೆ ಕೈ ಕಟ್ಟಿಕೊಂಡು ನಡಿ," ಎಂದರು. ಕುಳಿ ಸಿಕ್ಕಿತು. ಕಲ್ಲು ಅದರಲ್ಲಿ ಬೆಲ್ಲದಚ್ಚು ಅಚ್ಚಿನಲ್ಲಿ ಕೂತಂತೆ ಕೂತಿತು.

"ನಿಮ್ಮಲ್ಲಿ ಇದನ್ನೆಲ್ಲ ಮ್ಯೂಸಿಯಂಗೆ ಒಯ್ಯುವುದಿಲ್ಲವಾ?" ಎಂದು ರೀಮ್‌ಳನ್ನು ಕೇಳಿದೆ.

"ಕೆಲವನ್ನು ಒಯ್ಯುತ್ತೇವೆ. ಮೊದಲ ವರ್ಷ ನಾನೂ ಚೀಲ ಹಿಡಿದು ಬಂದಿದ್ದೆ. ಈಗ ಚೀಲದಲ್ಲಿ ಖರ್ಜೂರ ತರುತ್ತೇನೆ," ಎಂದಳು.

ಉಮ್ಮು ಸಅದ್

ಹಿರಿಯಾಕೆಯನ್ನು ಎಲ್ಲರೂ ಕರೆಯುವುದು ಉಮ್ಮು ಸಅದ್, ಎಂದರೆ ಸಅದನ ತಾಯಿ. ಅವರ ಸ್ವಂತ ಹೆಸರು ನನಗೆ ಯಾರೂ ಹೇಳಲಿಲ್ಲ. ಪೇಟೆಯಲ್ಲಿ ಮಗನ ಮನೆಯಿದೆ, ಹವಾನಿಯಂತ್ರಣವಿದೆ. ಚಳಿಗಾಲದಲ್ಲಿ ಮಾತ್ರ ಅವರು ಕುರಿಗಳ ಜೊತೆ ಟೆಂಟಿಗೆ ಬಂದುಬಿಡುತ್ತಾರೆ. ಪಕ್ಕದಲ್ಲಿ ನೀರಿನ ಟ್ಯಾಂಕರು, ಪಿಕಪ್ಪು, ಟೆಂಟಿನೊಳಗೆ ಜಮಖಾನ. ಮಾಮ ಸಅದನ ಜೊತೆ ಗಂಡಸರ ಕಡೆ ಹೋದರು. ನಾವು ಮೂವರು ಹೆಂಗಸರ ಕಡೆ.

ಉಮ್ಮು ಸಅದರ ಕಣ್ಣು ಮಾತ್ರ ಕಾಣುತ್ತಿದ್ದದ್ದು, ಒಳಗೆ ಬಂದ ಮೇಲೆ ಮುಖಪರದೆ ಸರಿಸಿದರು. ಗಲ್ಲದ ಮೇಲೆ ಹಸಿರು ಹಚ್ಚೆ. ಐರಿನ್ ಆಂಟಿಯ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡು, ತೆಳ್ಳಗಾಗಿದ್ದೀ ಎಂದು ಬೈದರು. ಕಾಫಿ ಬಂತು, ಖರ್ಜೂರ ಬಂತು, ಕುರಿಗಳ ಕಾಯಿಲೆಯ ಮಾತು ಬಂತು, ಸೊಸೆಯ ಬಾಣಂತನ ಬಂತು. ಬಂಡೆಯ ಮಾತು ಬರಲಿಲ್ಲ. ಐರಿನ್ ಆಂಟಿ ಅವಸರವೇ ಇಲ್ಲದವರಂತೆ ಕೂತಿದ್ದರು. ಇಲಾಖೆ ಕೊಟ್ಟ ವಾಯಿದೆ ಮುಗಿಯುತ್ತಾ ಬಂದಿತ್ತು. ನನಗೆ ಮೈ ಪರಚಿಕೊಳ್ಳುವಂತಾಯಿತು.

ತಡೆಯಲಾರದೆ ರೀಮ್‌ಗೆ, "ನಾನೊಂದು ಮಾತು ಹೇಳಬಹುದಾ?" ಎಂದೆ. ಅವಳು ಐರಿನ್ ಆಂಟಿಯನ್ನು ನೋಡಿದಳು. ಅವರು, "ಹೇಳಲಿ," ಎಂದರು. ಈಗ ಯೋಚಿಸಿದರೆ ಆ ಹೇಳಲಿಯಲ್ಲಿ ಸ್ವಲ್ಪ ಕೀಟಲೆಯೂ ಇತ್ತು.

ನಾನು ಬೆನ್ನು ನೆಟ್ಟಗೆ ಮಾಡಿ, ಒಂದೊಂದೇ ಬೆರಳು ಮಡಚುತ್ತಾ ಶುರು ಮಾಡಿದೆ. ತೋರಿಸಿದರೆ ಬಂಡೆ ಉಳಿಯುತ್ತದೆ, ತೋರಿಸದಿದ್ದರೆ ಯಂತ್ರ ಬರುತ್ತದೆ. ಯಂತ್ರ ಓಡಿಸುವವರು ಗಂಡಸರೇ. ಹಾಗಾಗಿ ತೋರಿಸದಿದ್ದರೂ ಗಂಡಸರು ನೋಡಿಯೇ ನೋಡುತ್ತಾರೆ, ಅದೂ ಒಡೆಯುವ ಮುಂಚೆ. ಎರಡರಲ್ಲಿ ಯಾವುದು ಕಡಿಮೆ ನಷ್ಟವೋ ಅದನ್ನು ಆರಿಸುವುದು ವಿವೇಕ. ಸಮಯ ಮಿತಿಯೊಳಗೆ ಮುಗಿಸಿದೆ. ರಾಜ್ಯಮಟ್ಟದಲ್ಲಿ ಇದಕ್ಕೆ ಪ್ರಶಸ್ತಿ ಖಚಿತವಿತ್ತು.

ರೀಮ್ ಎಲ್ಲವನ್ನೂ ಅರಬಿಯಲ್ಲಿ ಹೇಳಿದಳು. ಉಮ್ಮು ಸಅದ್ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಏನೋ ಕೇಳಿದರು. ರೀಮ್ ತುಟಿ ಕಚ್ಚಿಕೊಂಡಳು.

"ಏನಂದರು?"

"ಈ ಹುಡುಗಿ ಏನು ಮಾರುತ್ತಾಳೆ ಎಂದು ಕೇಳುತ್ತಿದ್ದಾರೆ."

ಐರಿನ್ ಆಂಟಿ ಕಾಫಿ ಕಪ್ಪಿನ ಹಿಂದೆ ಮುಖ ಮುಚ್ಚಿಕೊಂಡರು. ಬಟ್ಟೆಯ ಗೋಡೆಯಾಚೆಯಿಂದ ಮಾಮನ ಧ್ವನಿ ಕನ್ನಡದಲ್ಲೇ ಬಂತು: "ಸೇಲ್ ಆಯ್ತಾ ಲಾಯರಮ್ಮ?"

ನಗು ಮುಗಿದ ಮೇಲೆ ಉಮ್ಮು ಸಅದ್ ನನ್ನ ಕಡೆಗೇ ತಿರುಗಿ ಮಾತಾಡಿದರು, ಮೆಲ್ಲಗೆ, ಸಿಟ್ಟಿಲ್ಲದೆ. ಯಂತ್ರ ಬರುವುದು ನನಗೆ ಗೊತ್ತಿಲ್ಲವೆಂದುಕೊಂಡೆಯಾ ಮಗಳೇ. ರಾತ್ರಿ ನಿದ್ದೆ ಬರುವುದಿಲ್ಲ. ಅದು ನನ್ನ ತಾಯಿಯದು, ಅವಳ ತಾಯಿಯದು. ಕುರಿ ಮೇಯಿಸುತ್ತಿದ್ದದ್ದು ನಾವು ಹೆಣ್ಣುಮಕ್ಕಳು, ಆ ಕೊರಕಲಿನೊಳಗಿನ ನೀರು ನಮ್ಮದು, ಅಲ್ಲಿರುವುದು ನಮ್ಮದು. ನನ್ನ ಗಂಡ ನೋಡಿಲ್ಲ, ಸಅದ್ ನೋಡಿಲ್ಲ. ಕಡತಕ್ಕೆ ಹೋದರೆ ಕಚೇರಿಯ ಗಂಡಸರೆಲ್ಲ ನೋಡುತ್ತಾರೆ, ಆಮೇಲೆ ಪ್ರವಾಸಿಗಳಿಗೆ ಫಲಕ ಹಾಕುತ್ತಾರೆ. ಒಡೆದರೆ ಅಳುತ್ತೇನೆ. ಫಲಕ ಹಾಕಿದರೆ ತಾಯಿಯ ಮುಂದೆ ಯಾವ ಮುಖ ಹೊತ್ತು ಹೋಗಲಿ?

ನನ್ನ ಬಳಿ ಪ್ರತಿವಾದ ಇರಲಿಲ್ಲವೆಂದಲ್ಲ. ಇತ್ತು. ಮಡಚಿದ ಬೆರಳುಗಳನ್ನು ಬಿಡಿಸಿ ಕಾಫಿ ಕಪ್ಪು ಎತ್ತಿಕೊಂಡೆ.

ಸಿಗ್ನಲ್ ಸಿಗುವ ದಿಣ್ಣೆ

ಆ ಕಣಿವೆಯಲ್ಲಿ ಫೋನ್ ಸಿಗುವುದು ಒಂದೇ ದಿಣ್ಣೆಯ ಮೇಲೆ. ಕುರಿ ಕಾಯುವವರು, ಲಾರಿಯವರು, ಪುರಾತತ್ವಜ್ಞರು ಎಲ್ಲರೂ ಅಲ್ಲಿಗೇ ಹತ್ತಬೇಕು. ನಮ್ಮೂರ ಪಂಚಾಯತ್ ಕಟ್ಟೆಯ ಹಾಗೆ. ಇಲಾಖೆಯ ಮೇಲಧಿಕಾರಿಗೆ ಕೊನೆಯ ಸಲ ಕೇಳಿ ನೋಡೋಣವೆಂದು ಹತ್ತಿದೆವು. ದೂರದಲ್ಲಿ ಕೊರಕಲಿನ ಬಾಯಿ ಕಾಣುತ್ತಿತ್ತು, ಕಪ್ಪು ಗೋಡೆಯಲ್ಲಿ ಬಾಗಿಲು ಅರ್ಧ ತೆರೆದಂತೆ. ಅದಕ್ಕಿಂತ ಈಚೆ ರಸ್ತೆಯವರು ನೆಟ್ಟ ಕೆಂಪು ಬಾವುಟದ ಗೂಟಗಳು.

ರೀಮ್ ಸಿಗ್ನಲ್ ಹುಡುಕುತ್ತಿದ್ದಾಗ ನಾನು ಐರಿನ್ ಆಂಟಿಯ ಪಕ್ಕದಲ್ಲಿ ಕೂತೆ.

"ನಿಮ್ಮ ಆಸ್ಟ್ರೇಲಿಯಾದಲ್ಲೂ ಇಂಥದ್ದು ಆಗಿತ್ತಾ?"

"ಆಗಿತ್ತು. ಆ ಅಜ್ಜಿಯೇ ಒಂದು ಜಾಗ ತೋರಿಸಿದರು. ನನ್ನ ಜೀವನದಲ್ಲಿ ನಾನು ಕಂಡ ದೊಡ್ಡ ಜಾಗ ಅದೇ. ನೋಡಿದ್ದು ಸಾಕು, ಬರೀಬೇಡ ಅಂದ್ರು. ಬರೀಲಿಲ್ಲ."

"ಎಲ್ಲಿಯೂ?"

"ಎಲ್ಲಿಯೂ. ಅದನ್ನು ಬರ್ದಿದ್ರೆ ಪ್ರೊಫೆಸರ್ ಆಗ್ತಿದ್ದೆ ಅಂತ ನನ್ನ ಗಂಡ ಸಾಯುವವರೆಗೂ ಹೇಳ್ತಿದ್ದ. ಆಗ್ತಿದ್ದೆ ಕೂಡ. ನನ್ನ ಹಿಂದೆ ಬಂದವರೆಲ್ಲ ಆದ್ರು. ನಾನು ಹೀಗೇ ಕಲ್ಲು ಎತ್ತಿ ಇಡ್ತಾ ಉಳಿದೆ."

"ಆದರೆ ಆಂಟಿ, ಯಾರೂ ಪರೀಕ್ಷಿಸಲಾಗದ ಜ್ಞಾನ ಜ್ಞಾನವೇ ಅಲ್ಲ. ಜಗತ್ತಿಗೆ ಅದು ನಷ್ಟವಲ್ಲವಾ?"

"ನಷ್ಟವೇ. ನಷ್ಟ ಅಲ್ಲ ಅಂತ ನಾನು ಯಾವಾಗ ಹೇಳಿದೆ?"

ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ನಮ್ಮ ಅಂಶವನ್ನು ಒಪ್ಪಿಕೊಂಡರೆ ಗೆದ್ದೆವೆಂದು ಅರ್ಥ. ಇವರು ಒಪ್ಪಿಕೊಂಡರು, ಕೂತ ಜಾಗದಿಂದ ಒಂದಿಂಚೂ ಕದಲಲಿಲ್ಲ. ಇಂಥವರಿಗೆ ಅಂಕ ಕೊಡಲು ತೀರ್ಪುಗಾರರ ಹಾಳೆಯಲ್ಲಿ ಕಾಲಮ್ಮೇ ಇಲ್ಲ.

"ಮತ್ತೆ ಆ ಜಾಗ ಉಳಿಯಿತಾ?"

"ಉಳಿಯಿತು. ಅಲ್ಲಿ ಒಂದು ಕ್ರಮ ಉಂಟು. ಜಾಗ ದಾಖಲೆಯಲ್ಲಿ ಇರ್ತದೆ, ಏನುಂಟು ಅಂತ ಇರುದಿಲ್ಲ. ಹೆಂಗಸರ ಜಾಗದ ಕಡತ ಹೆಂಗಸರೇ ತೆರೀಬೇಕು, ಗಂಡಸರದ್ದು ಗಂಡಸರೇ. ಗೆರೆ ಮಾತ್ರ ಎಲ್ಲರಿಗೂ ಕಾಣ್ತದೆ. ಇಲ್ಲಿ ಅದನ್ನೇ ಕೇಳ್ತಾ ಇದ್ದೇನೆ. ನಮ್ಮಲ್ಲಿ ಆ ಪದ್ಧತಿ ಇಲ್ಲ ಅಂತಾರೆ."

ಅಷ್ಟರಲ್ಲಿ ಫೋನ್ ಸಿಕ್ಕಿತು. ರೀಮ್ ಸ್ಪೀಕರ್ ಹಾಕಿದಳು. ರಜೆಯ ದಿನವೂ ಫೋನ್ ಎತ್ತಿದ ಮೇಲಧಿಕಾರಿ ಸಭ್ಯ ಮನುಷ್ಯ. ಇಂಗ್ಲಿಷಿನಲ್ಲಿ, ಐರಿನ್ ಆಂಟಿಗೆ ಗೌರವ ಕೊಟ್ಟೇ ಮಾತಾಡಿದ. ಆದರೆ ವಾದ ಗಟ್ಟಿ. ಚಿತ್ರವಿಲ್ಲ, ಅಳತೆಯಿಲ್ಲ, ನಾನು ನೋಡಿಲ್ಲ. ನೋಡದ ವಸ್ತುವಿಗೆ ನಾನು ಹೇಗೆ ಗೆರೆ ಎಳೆಯಲಿ? ನಾಳೆ ರಸ್ತೆಯವರು ಅಲ್ಲೇನಿದೆ ಎಂದರೆ ಏನು ಹೇಳಲಿ?

ಐರಿನ್ ಆಂಟಿ ವಿವರಿಸಿದರು. ರೀಮ್ ವಿವರಿಸಿದಳು. ಆತ ಮತ್ತೆ ಅದನ್ನೇ ಹೇಳಿದ. ನಮ್ಮ ಕಡೆಯ ಇಬ್ಬರೂ ಒಳ್ಳೆಯವರು, ವಾದ ಮಾಡಲು ಬಾರದವರು. ಎದುರಾಳಿಯ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಉತ್ತರ ಕೊಡಬಾರದು, ಪ್ರಶ್ನೆಯನ್ನೇ ಅವರ ಮನೆಗೆ ಕಳಿಸಬೇಕು. ನನಗೆ ಮಾಮನ ಅಂಗಡಿ ನೆನಪಾಯಿತು.

"ಸರ್," ಎಂದೆ, ಯಾರೂ ಕೇಳದೆಯೇ. "ನಿಮ್ಮ ಪಕ್ಕದ ಮನೆಯವರ ಒಳಕೋಣೆ ನೀವು ನೋಡಿದ್ದೀರಾ?"

"ಇಲ್ಲ. ಯಾಕೆ?"

"ಅಲ್ಲೊಂದು ಕೋಣೆ ಇದೆಯೆಂದು ಹೇಗೆ ನಂಬುತ್ತೀರಿ?"

"ಮನೆ ಎಂದ ಮೇಲೆ ಇದ್ದೇ ಇರುತ್ತದಲ್ಲ."

"ಅದರ ನಡುವೆ ರಸ್ತೆ ಹಾಕಲು ಯಾರಾದರೂ ಬಂದರೆ, ಒಳಗೆ ಏನಿದೆ ನೋಡದೆ ಹೇಗೆ ತಡೆಯಲಿ ಎನ್ನುತ್ತೀರಾ?"

ಗಾಳಿ ಬೀಸುತ್ತಿತ್ತು, ಸಿಗ್ನಲ್ ಹೋಯಿತೋ ಎಂದು ರೀಮ್ ಫೋನನ್ನು ಎತ್ತರಕ್ಕೆ ಹಿಡಿದಳು. ಹೋಗಿರಲಿಲ್ಲ. ಆತ ಅರಬಿಯಲ್ಲಿ ಏನೋ ಕೇಳಿದ, ರೀಮ್ ಏನೋ ಹೇಳಿದಳು, ಆ ಕಡೆಯಿಂದ ನಗು ಬಂತು. ಆಮೇಲೆ ಬಹಳ ಹೊತ್ತು ಅವರಿಬ್ಬರದೇ ಮಾತು.

ಕೊನೆಗೆ ರೀಮ್ ಫೋನ್ ಇಳಿಸಿದಳು. "ಇಲಾಖೆಯ ಹೆಂಗಸೊಬ್ಬಳು ಕಣ್ಣಾರೆ ನೋಡಿ, ರಕ್ಷಿಸಬೇಕಾದ್ದು ಇದೆ ಎಂದು ಸಹಿ ಹಾಕಿದರೆ ಸಾಕಂತೆ. ಚಿತ್ರ ಬೇಡ. ಗೆರೆಯನ್ನು ಕೊರಕಲಿನಾಚೆಗೆ ಎಳೆಯುತ್ತಾರೆ, ರಸ್ತೆ ಸುತ್ತಿಕೊಂಡು ಹೋಗಲಿ ಎಂದರು. ಆ ಹೆಂಗಸು ನಾನೇ."

ಐರಿನ್ ಆಂಟಿ ಎದ್ದು ನಿಂತರು, ಮತ್ತೆ ಕೂತರು. ಬೂಟಿನ ದಾರ ಬಿಚ್ಚಿ, ಕಟ್ಟಿದರು. ಅದು ಸಡಿಲವೇ ಆಗಿರಲಿಲ್ಲ.

"ನಡುವೆ ನಕ್ಕದ್ದು ಯಾಕೆ?" ಎಂದು ರೀಮ್‌ಳನ್ನು ಕೇಳಿದೆ.

"ಈ ಹುಡುಗಿ ಯಾರು ಎಂದು ಕೇಳಿದರು. ಇಂಡಿಯಾದವಳು, ಪರದೆ ಮಾರುವವರ ಮನೆಯವಳು ಎಂದೆ."

ಕೊರಕಲಿನ ಬಾಯಲ್ಲಿ

ಉಮ್ಮು ಸಅದ್ ಕೂಡಲೇ ಒಪ್ಪಲಿಲ್ಲ. ಕುರಿಗಳಿಗೆ ನೀರು ಕುಡಿಸಿ ಬರುತ್ತೇನೆಂದು ಹೋದರು. ಟೆಂಟಿನ ಬಾಯಲ್ಲಿ ಕೂತು ನಾವು ಕಾದೆವು. ನಾನು ಒಂದು ಮಾತೂ ಆಡಲಿಲ್ಲ, ಮಾಮ ಬಂದು, "ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದರು.

ಬಂದವರು ರೀಮ್‌ಳ ಕೆನ್ನೆ ಹಿಡಿದು ಅವಳ ಕಣ್ಣಲ್ಲಿ ಕಣ್ಣಿಟ್ಟು ಏನೋ ಕೇಳಿದರು. ನಿನ್ನ ಗಂಡನಿಗೂ ಹೇಳುವುದಿಲ್ಲವಾ? ರೀಮ್, ಮದುವೆಯೇ ಆಗಿಲ್ಲ ಅಜ್ಜಿ ಎಂದಳು. ಆದ ಮೇಲೆ? ಆದ ಮೇಲೂ. ಹಾಗಾದರೆ ಬಾ. ಐರಿನ್ ಕೂಡ ಬರಲಿ, ಇಷ್ಟು ವರ್ಷ ಬಾಗಿಲಲ್ಲಿ ನಿಂತವಳು. ಕೈಯಲ್ಲಿ ಏನೂ ಇರಬಾರದು.

ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಆ ಮಾರುವವಳೂ ಬರಲಿ."

ಫೋನುಗಳು, ಕ್ಯಾಮೆರಾ, ಟೇಪು, ಎಲ್ಲವನ್ನೂ ಟೆಂಟಿನಲ್ಲಿಟ್ಟೆವು. ನಾಲ್ಕು ಹೆಂಗಸರು ನಡೆದೆವು. ಗಂಡಸರು ಕಾಫಿಯ ಮುಂದೆ ಕೂತರು. ಕೆಂಪು ಬಾವುಟದ ಗೂಟಗಳನ್ನು ದಾಟುವಾಗ ಉಮ್ಮು ಸಅದ್ ಒಂದನ್ನು ಕೋಲಿನಿಂದ ತಟ್ಟಿದರು, ಹಟಮಾರಿ ಕುರಿಯನ್ನು ತಟ್ಟುವಂತೆ.

ಕೊರಕಲಿನ ಬಾಯಲ್ಲಿ ಐರಿನ್ ಆಂಟಿ ನಿಂತರು. ಎಂದಿನಂತೆ ಕೊಂಕಣಿಯಲ್ಲಿ ಹೆಸರು, ಮನೆ, ಊರು. ಧ್ವನಿ ಮಾತ್ರ ಎಂದಿನಂತಿರಲಿಲ್ಲ. ಈ ಸಲ ನನ್ನ ಹೆಸರನ್ನು ಅವರು ಹೇಳಲಿಲ್ಲ. ನನ್ನ ಕಡೆ ನೋಡಿ ಪಕ್ಕಕ್ಕೆ ಸರಿದರು.

ನೆಲಕ್ಕೆ ಕಿವಿಯಿದೆಯೆಂದು ನಾನು ಈಗಲೂ ಒಪ್ಪುವುದಿಲ್ಲ. ಪುರಾವೆ ತನ್ನಿ, ನೋಡೋಣ. ಆದರೆ ಅಲ್ಲಿ ಉಮ್ಮು ಸಅದ್ ನಿಂತಿದ್ದರು, ಅವರಿಗೆ ಕಿವಿಯಿತ್ತು. ತಮ್ಮ ತಾಯಿಯ ಮನೆಗೆ ಕಾಲಿಡುತ್ತಿರುವವಳು ಯಾರೆಂದು ತಿಳಿಯುವ ಹಕ್ಕೂ ಇತ್ತು. ನಾನು ಉಮ್ಮನ ಭಾಷೆಯಾದ ಬ್ಯಾರಿಯಲ್ಲಿ ಹೇಳಿದೆ. ನನ್ನ ಹೆಸರು, ಉಮ್ಮನ ಹೆಸರು, ಉಮ್ಮನ ಉಮ್ಮನ ಹೆಸರು. ಅದರ ಮುಂದಿನ ಹೆಸರು ನನಗೆ ಗೊತ್ತಿರಲಿಲ್ಲ, ಅಲ್ಲಿಗೇ ನಿಲ್ಲಿಸಿದೆ. ಉಮ್ಮು ಸಅದರಿಗೆ ಒಂದಕ್ಷರ ಅರ್ಥವಾಗಿರಲಾರದು. ತಲೆಯಾಡಿಸಿ ದಾರಿ ಬಿಟ್ಟರು.

ನಾವು ಒಳಗೆ ಹೋದೆವು. ನೋಡಿದೆವು.

ಹೊರಗೆ ಬರುವಾಗ ರೀಮ್‌ಳ ಮುಖ ತೊಳೆದಂತಿತ್ತು. ಐರಿನ್ ಆಂಟಿ ಉಮ್ಮು ಸಅದರ ತೋಳು ಹಿಡಿದು, ಯಾರು ಯಾರನ್ನು ನಡೆಸುತ್ತಿದ್ದಾರೆಂದು ತಿಳಿಯದಂತೆ ನಡೆಯುತ್ತಿದ್ದರು. ನಾನು ರೀಮ್‌ಳ ಮೂಲಕ ಕೇಳಿದೆ, ಊರಿಗೆ ಹೋದ ಮೇಲೆ ಎಲ್ಲರೂ ಕೇಳುತ್ತಾರೆ, ಬರೆಯುವ ಚಾಳಿಯೂ ಇದೆ, ಏನು ಹೇಳಬಹುದು?

ಅವರು ಯೋಚಿಸಿದರು. ನಮ್ಮದೊಂದು ಅಲ್ಲಿದೆ ಎಂದು ಹೇಳು. ಜಾಗದ ಹೆಸರು ಬೇಡ. ನೀರು ಸಿಹಿಯಾಗಿದೆ ಎಂದು ಹೇಳು, ಅದು ನಿಜ.

ತಾಯಿಫಿನ ದಾರಿಯಲ್ಲಿ

ಬೀಳ್ಕೊಡುವಾಗ ಐರಿನ್ ಆಂಟಿ ತೊಳೆದ ಚಟ್ನಿ ಡಬ್ಬಿಯನ್ನು ನನ್ನ ಕೈಗಿಟ್ಟರು. ಇಷ್ಟು ಬೇಗ ಖಾಲಿಯಾಯಿತಾ ಎಂದದ್ದಕ್ಕೆ, "ನಿನ್ನ ಉಮ್ಮನಿಗೆ ಹೇಳು, ಗಣಿತದಲ್ಲಿ ನಾನು ನೋಡಿ ಬರ್ದದ್ದು ಹೌದು ಅಂತ," ಎಂದರು.

ಕಾರು ಕಲ್ಲಿನ ಬಯಲು ದಾಟುವವರೆಗೆ ಮಾಮ ತಡೆದುಕೊಂಡಿದ್ದರು. ಟಾರು ರಸ್ತೆ ಸಿಕ್ಕಿದ್ದೇ ತಡ, "ಎಂತ ಇತ್ತು ಒಳಗೆ?" ಎಂದರು.

"ಅವರದ್ದೊಂದು ಇತ್ತು ಮಾಮ."

"ಅದು ನಂಗೂ ಗೊತ್ತುಂಟು. ಎಂತ ಅಂತ ಕೇಳಿದ್ದು. ಸಅದ್ ಪಾಪ, ಹುಟ್ಟಿದಾಗಿನಿಂದ ಅಲ್ಲೇ ಇದ್ದಾನೆ, ಅವನಿಗೇ ಗೊತ್ತಿಲ್ಲ. ನಾನು ಹೇಳುದಿಲ್ಲ ಯಾರಿಗೂ."

"ಪರದೆ ಕೊಂಡವರತ್ರ ಕೋಣೆಯಲ್ಲಿ ಏನಿದೆ ಅಂತ ಕೇಳ್ತೀರಾ ನೀವು?"

"ಇಲ್ಲ." ಮಾಮನೂ ನಮ್ಮ ಮನೆಯವರೇ ತಾನೇ, ವಾದ ಬಿಡುವ ಜಾತಿಯಲ್ಲ. "ಆದ್ರೆ ಅಳತೆ ಕೇಳ್ತೇನಲ್ಲ. ಅಳತೆಯಾದ್ರೂ ಹೇಳು ಮಾರಾಯ್ತಿ. ಇಷ್ಟು ಸಣ್ಣದಾ? ಇಷ್ಟು ದೊಡ್ಡದಾ?" ಸ್ಟೀರಿಂಗ್ ಬಿಟ್ಟು ಎರಡೂ ಕೈ ಅಗಲಿಸಿದರು.

ಒಳ್ಳೆಯ ಅಂಶ. ನ್ಯಾಯವಾಗಿ ನೋಡಿದರೆ ಇದಕ್ಕೊಂದು ಉತ್ತರ ಕೊಡಬೇಕಿತ್ತು.

"ನೀರು ಸಿಹಿ ಇತ್ತು ಮಾಮ," ಎಂದೆ. "ರಸ್ತೆ ನೋಡಿ ಓಡಿಸಿ."